ಹನ್ನೊಂದು ಭಾಷೆಗಳಲ್ಲಿ ತಪ್ಪು ಮಾತಾಡುವ ಆಂಟಿ

ನಮ್ಮ ಮೇಲಿನ ಮನೆಯ ಆಂಟಿಗೆ ಇಂಗ್ಲಿಷ್ ಬಿಟ್ಟು ಇನ್ನೂ ಹನ್ನೊಂದು ಭಾಷೆ ಬರುತ್ತದೆ. ಕೇಳಿದ ಕೂಡಲೇ ಕೈಮುಗಿಯುವ ಅವಸರ ಮಾಡಬೇಡಿ. ಹನ್ನೊಂದರಲ್ಲಿ ಒಂದೂ ನೆಟ್ಟಗೆ ಬರುವುದಿಲ್ಲ! ಒಂದು ಭಾಷೆಯನ್ನು ತಪ್ಪಾಗಿ ಮಾತಾಡುವವರು ಬೇಕಾದಷ್ಟು ಜನ ಸಿಗುತ್ತಾರೆ, ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ. ಆದರೆ ಯಾವುದಕ್ಕೂ ಪಕ್ಷಪಾತ ಮಾಡದೆ, ಹನ್ನೊಂದನ್ನೂ ಒಂದೇ ಧೈರ್ಯದಿಂದ ಕೆಡಿಸುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ, ನಮ್ಮ ಕಾಂಡೋದ ಹದಿನೇಳನೇ ಮಹಡಿಯಲ್ಲಿ. ನಾವಿರುವುದು ಹದಿನಾರರಲ್ಲಿ. ಅವರ ಚೀನೀ ಭಾಷೆಯ ಅಭ್ಯಾಸ ನಮ್ಮ ಹಾಲಿನ ಫ್ಯಾನಿನ ಮೂಲಕ ಇಳಿದು ಬರುತ್ತದೆ.

ಆಂಟಿ ಆಫ್ರಿಕನ್-ಅಮೆರಿಕನ್. ವಯಸ್ಸು ಅರವತ್ತಾರು, ಎತ್ತರ ಆರಡಿಗೆ ಎರಡು ಅಂಗುಲ ಕಡಿಮೆ, ನರೆತ ಗುಂಗುರು ಕೂದಲಿಗೆ ಸದಾ ಒಂದು ಹಳದಿ ಬಟ್ಟೆಯ ಕಟ್ಟು. ಅಮೆರಿಕದ ಪೂರ್ವ ಕರಾವಳಿಯ ಒಂದು ಬಂದರು ಊರಿನ ಅಂಚೆ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಕಾಗದ ವಿಂಗಡಿಸಿದವರು. ವಿದೇಶದ ಅಂಚೆಚೀಟಿಗಳನ್ನು ನೋಡಿ ನೋಡಿ ಹುಚ್ಚು ಹಿಡಿದು, ಇಂಗ್ಲಿಷ್ ಕಲಿಸುವ ಪರೀಕ್ಷೆ ಪಾಸು ಮಾಡಿಕೊಂಡು, ಇಲ್ಲಿನ ಒಂದು ಶಾಲೆಗೆ ಪಾಠ ಹೇಳಲು ಬಂದರು. ಬಂದವರು ವಾಪಸು ಹೋಗಲಿಲ್ಲ.

ನಮ್ಮ ಕನ್ನಡ ಕೂಟದ ಗೆಳತಿಯೊಬ್ಬಳು ಅವರನ್ನು ಮೊದಲು ನೋಡಿದಾಗ ನನ್ನ ಕಿವಿಯಲ್ಲಿ, "ಆಫ್ರಿಕಾದವರೇನೇ?" ಎಂದಳು.

"ಅಲ್ವೇ, ಅಮೆರಿಕದವರು."

"ಅಂದ್ರೆ, ಒರಿಜಿನಲ್ ಅಮೆರಿಕಾನಾ?"

ಏನು ಹೇಳಲಿ? ನಮ್ಮವರು ಅಮೆರಿಕಕ್ಕೆ ಹೋದ ಐದನೇ ವರ್ಷಕ್ಕೆ ಒರಿಜಿನಲ್ ಅಮೆರಿಕನ್ನರಾಗುತ್ತಾರೆ. ಹತ್ತು ತಲೆಮಾರಿನಿಂದ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರ ಮನೆಯ ಹೆಂಗಸನ್ನು ಮಾತ್ರ ಎಲ್ಲಿಯವಳೆಂದು ಕೇಳುತ್ತೇವೆ! ಇದು ನಮ್ಮೊಬ್ಬರದೇ ರೋಗವಲ್ಲ. ಕೌಲಾಲಂಪುರದ ಟ್ಯಾಕ್ಸಿ ಡ್ರೈವರುಗಳೆಲ್ಲ ಆಂಟಿಯನ್ನು ಕೇಳುವ ಮೊದಲ ಪ್ರಶ್ನೆ ಇದೇ. "ಅಮೆರಿಕ" ಎಂದರೆ, "ನೋ ಲಾ ಆಂಟಿ, ನಿಜವಾಗಿ ಎಲ್ಲಿಂದ?" ಎಂದು, ಇಲ್ಲಿ ಎಲ್ಲ ಮಾತಿಗೂ ಅಂಟಿಸುವ 'ಲಾ' ಸೇರಿಸಿ, ಎರಡನೇ ಸಲ ಕೇಳುತ್ತಾರೆ. ಅದಕ್ಕೆ ಆಂಟಿ ತಮ್ಮ ಮಲಯ್ ಭಾಷೆಯಲ್ಲಿ, "ದಾರಿ ಪೆರುತ್ ಎಮಾಕ್" ಎನ್ನುತ್ತಾರೆ. ಅಮ್ಮನ ಹೊಟ್ಟೆಯಿಂದ ಎಂದರ್ಥ. ಅವರು ಯಾವ ಭಾಷೆಯಲ್ಲಾದರೂ ತಪ್ಪಿಲ್ಲದೆ ಹೇಳುವ ಒಂದು ವಾಕ್ಯವಿದ್ದರೆ ಅದು ಇದೇ. ಅಷ್ಟು ಸಲ ಹೇಳಿದ್ದಾರೆ!

ನಮಗೆ ಅವರ ಪರಿಚಯವಾದದ್ದು ಲಿಫ್ಟಿನಲ್ಲಿ. ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ತೊಗರಿಬೇಳೆ, ಹುಣಸೆಹಣ್ಣು ಎಲ್ಲ ತಂದ ನನ್ನ ಗಂಡ ಇಂಗು ಮರೆತು ಬಂದಿದ್ದರು. ಹೇಳಿ ಕಳಿಸಿದ್ದೇ ಇಂಗಿಗಾಗಿ! ಚೀಲ ಹಿಡಿಯಲು ಕೆಳಗಿಳಿದಿದ್ದ ನಾನು, ನೆಲಮಹಡಿಯಿಂದ ಶುರುಮಾಡಿದವಳು ಹದಿನಾರರವರೆಗೂ ಉಸಿರು ತೆಗೆದುಕೊಳ್ಳದೆ ಬೈದೆ. ಪರದೇಶದಲ್ಲಿ ಕನ್ನಡದ ದೊಡ್ಡ ಸೌಕರ್ಯವೇ ಅದು, ಲಿಫ್ಟಿನಲ್ಲಿ ಎಷ್ಟು ಜನವಿದ್ದರೂ ಗಂಡನನ್ನು ಏಕಾಂತದಲ್ಲಿ ಬೈಯಬಹುದು. ಬಾಗಿಲು ತೆರೆಯಿತು. ಮೂಲೆಯಲ್ಲಿ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ಎತ್ತರದ ಹೆಂಗಸು ಬಾಗಿಲಿಗೆ ಕಾಲು ಅಡ್ಡ ಇಟ್ಟು, ಇಂಗ್ಲಿಷಿನಲ್ಲಿ ಕೇಳಿದರು.

"ಕ್ಷಮಿಸಿ, ಇದು ಯಾವ ಭಾಷೆ?"

ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. "ಕನ್ನಡ" ಎಂದೆ.

"ಬೈಯುವಾಗಲೇ ಇಷ್ಟು ಚಂದ ಕೇಳಿಸೋ ಭಾಷೆ, ಪ್ರೀತಿ ಮಾಡುವಾಗ ಇನ್ನೆಷ್ಟು ಚಂದ ಇರಬೇಡ!"

"ಅದು ನನಗೂ ಇನ್ನೂ ಗೊತ್ತಾಗಿಲ್ಲ" ಎಂದರು ನನ್ನ ಗಂಡ.

ಮಾರನೆಯ ಬೆಳಿಗ್ಗೆ ಏಳಕ್ಕೆ ಕಾಲಿಂಗ್ ಬೆಲ್. ತೆಗೆದರೆ ಆಂಟಿ, ಕೈಯಲ್ಲಿ ಹೊಸ ನೋಟ್‌ಬುಕ್ಕು, ಕಿವಿಯ ಮೇಲೊಂದು ಪೆನ್ಸಿಲು. "ಟೀಚರ್, ಶುರು ಮಾಡೋಣ್ವಾ?" ನನಗೋ ಒಲೆಯ ಮೇಲೆ ಉಪ್ಪಿಟ್ಟು. ಅ ಆ ಇ ಈ ಬರೆದುಕೊಡುತ್ತೇನೆ ಎಂದರೆ ಅವರು ಒಪ್ಪಲಿಲ್ಲ. "ನಿಮ್ಮ ಮಗಳು ಮಾತು ಕಲಿತದ್ದು ಅಕ್ಷರ ನೋಡ್ಕೊಂಡಾ? ನೀವು ನಿಮ್ಮ ಪಾಡಿಗೆ ಮನೆಯಲ್ಲಿ ಮಾತಾಡ್ತಾ ಇರಿ. ನಾನು ಕೂತು ಕೇಳ್ತೀನಿ" ಎಂದು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತೇಬಿಟ್ಟರು.

ಕೂತದ್ದರಿಂದ ಆದ ಅನಾಹುತ ಒಂದೆರಡಲ್ಲ. ನಮ್ಮ ಮನೆಯಲ್ಲಿ ಅವರ ಕಿವಿಗೆ ಬೀಳುತ್ತಿದ್ದ ಕನ್ನಡವೆಂದರೆ ನಾನು ನನ್ನ ಹದಿಮೂರು ವರ್ಷದ ಮಗಳಿಗೆ ಆಡುವ ಮಾತು. ಮಗಳು ಇಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಕನ್ನಡವೆಲ್ಲ ನನ್ನ ಒಬ್ಬಳ ಬಾಯಿಂದ, ಅದೂ ಎಲ್ಲ "ಏನೇ", "ಬಾರೇ", "ಎದ್ದೇಳೇ". ಆಂಟಿ ಇದೇ ಕನ್ನಡದ ಶಿಷ್ಟಾಚಾರವೆಂದು ತಿಳಿದು, ಒಂದು ಭಾನುವಾರ ಈಜುಕೊಳದ ಹತ್ತಿರ ನನ್ನ ಗಂಡ ಆಫೀಸಿನ ಸಹೋದ್ಯೋಗಿಗಳ ಜೊತೆ ನಿಂತಿದ್ದಾಗ ಅತ್ತ ಕಡೆಯಿಂದ ಕೂಗಿದರು, "ಏನೇ! ತಿಂಡಿ ತಿಂದೇನೇ? ಬಾರೇ ಇಲ್ಲಿ!" ಸಹೋದ್ಯೋಗಿಗಳಲ್ಲಿ ಇಬ್ಬರು ಬೆಂಗಳೂರಿನವರು. ಕೈಕೆಳಗೆ ಮೂವತ್ತು ಜನ ಎಂಜಿನಿಯರುಗಳಿರುವ ನನ್ನ ಗಂಡ ಆ ವಾರವಿಡೀ ಮನೆಯಿಂದಲೇ ಕೆಲಸ ಮಾಡಿದರು.

ಇನ್ನು "ಕತೆ". ಈ ಪದದ ಮೇಲೆ ಆಂಟಿಗೆ ವಿಪರೀತ ಮೋಹ. ಆದರೆ ಅವರ ಬಾಯಲ್ಲಿ ಅದಕ್ಕೆ ಒಂದು ಒತ್ತಕ್ಷರ ಹೆಚ್ಚಾಗಿ ಬೀಳುತ್ತಿತ್ತು. "ನನ್ನ ಅಜ್ಜಿ ತುಂಬಾ ಒಳ್ಳೆ ಕತ್ತೆ ಹೇಳ್ತಾ ಇದ್ರು" ಎನ್ನುತ್ತಿದ್ದರು. ನಾನು ತಿದ್ದಿದೆ. ತಿದ್ದಿದಷ್ಟೂ ಒತ್ತು ಬಲವಾಯಿತು. ರಾಜ್ಯೋತ್ಸವಕ್ಕೆ ನಮ್ಮ ಕೂಟದವರು ಆಂಟಿಯನ್ನು ವೇದಿಕೆಗೆ ಕರೆದರು. ಕನ್ನಡ ಕಲಿತ ಅಮೆರಿಕನ್ ಮಹಿಳೆ ಎಂದರೆ ಸುಮ್ಮನೆಯೇ? ಮೈಕು ಹಿಡಿದು ಆಂಟಿ ಗಂಭೀರವಾಗಿ, "ಎಲ್ಲರಿಗೂ ನಮಸ್ಕಾರ. ಈಗ ನಿಮ್ಮ ಮುಂದೆ ಒಂದು ಸಣ್ಣ ಕತ್ತೆ" ಎಂದರು. ಸರಿಯಾಗಿ ಅದೇ ಗಳಿಗೆಗೆ ಕೂಟದ ಅಧ್ಯಕ್ಷರು ಮೈಕಿನ ವೈರು ಸರಿಮಾಡಲು ವೇದಿಕೆ ಹತ್ತಿದರು! ಅಂಥ ಚಪ್ಪಾಳೆ ನಮ್ಮ ಕೂಟದ ಯಾವ ಕಾರ್ಯಕ್ರಮಕ್ಕೂ ಬಿದ್ದಿಲ್ಲ. ಅಧ್ಯಕ್ಷರು ಪಾಪ, ತಮಗೇ ಎಂದುಕೊಂಡು ಕೈಮುಗಿದರು.

ಕನ್ನಡಕ್ಕೆ ಮಾತ್ರ ಈ ಗತಿ ಎಂದು ನೀವು ಬೇಸರ ಮಾಡಿಕೊಳ್ಳಬಾರದು. ಮಲಯ್ ಭಾಷೆಯಲ್ಲಿ ಕೆಲಾಪಾ ಎಂದರೆ ತೆಂಗಿನಕಾಯಿ, ಕೆಪಾಲಾ ಎಂದರೆ ತಲೆ. ನಮ್ಮ ಬೀದಿ ಕೊನೆಯ ಮಾಮಾಕ್, ಎಂದರೆ ತಮಿಳು ಮುಸ್ಲಿಮರ ತಿಂಡಿ ಅಂಗಡಿಯಲ್ಲಿ ರೊಟ್ಟಿ ತಿನ್ನಲು ಕೂತಾಗ ಆಂಟಿ ಎಳನೀರು ಬೇಕೆಂದು ಕೂಗಿದ್ದು, "ಒಂದು ಎಳೇ ತಲೆ ಕೊಡಿ! ತಣ್ಣಗಿರಲಿ!" ಎಂದು. ಅಂಗಡಿಯವನು ರೊಟ್ಟಿ ಬೀಸುವುದನ್ನು ನಿಲ್ಲಿಸಿ, ತನ್ನ ಬೋಳುತಲೆ ಸವರಿಕೊಂಡು ಹೇಳಿದ, "ಎಳೇದು ಖಾಲಿ ಆಂಟಿ. ಇದು ಹಳೇದು, ಬಿಸೀನೂ ಇದೆ. ನಡೆಯುತ್ತಾ ಲಾ?"

ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರೆ ಆಂಟಿ ನೋಟ್‌ಬುಕ್ಕು ತೆಗೆದು ತಪ್ಪನ್ನು ಬರೆದುಕೊಳ್ಳುತ್ತಿದ್ದರು. ತಪ್ಪಿಗೆ ನಾಚುವುದೆಂದರೇನು ಎಂದು ಆ ಮಹಾತಾಯಿಗೆ ಗೊತ್ತೇ ಇಲ್ಲ. "ತಪ್ಪಿಲ್ಲದೆ ಮಾತಾಡ್ತೀನಿ ಅಂತ ಕಾಯೋರು ಸಾಯೋವರೆಗೂ ಸುಮ್ನೇ ಇರ್ತಾರೆ" ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಬ್ರಿಕ್‌ಫೀಲ್ಡ್ಸ್‌ನಲ್ಲಿ ತಮಿಳು ಕೇಳುತ್ತಲೇ ಇದ್ದು, ತಪ್ಪಾದೀತೆಂಬ ಹೆದರಿಕೆಗೆ ಒಂದು ವಾಕ್ಯವನ್ನೂ ಆಡದ ನಾನು ಈ ಮಾತು ನನಗಲ್ಲವೆಂಬಂತೆ ರೊಟ್ಟಿ ಮುರಿಯುತ್ತಿದ್ದೆ.

ಇದೆಲ್ಲ ಒಬ್ಬ ಹೆಂಗಸಿನ ಖಯಾಲಿ ಎಂದೇ ನಾನು ತಿಳಿದಿದ್ದೆ. ಒಂದು ಶನಿವಾರ ಬೆಳಿಗ್ಗೆ ಏಳೂವರೆಗೆ ಇಡ್ಲಿ ಕೊಡಲು ಮೇಲೆ ಹೋದಾಗ ನಿಜ ಸಂಗತಿ ತಿಳಿಯಿತು. ಆಂಟಿ ಲ್ಯಾಪ್‌ಟಾಪಿನ ಮುಂದೆ ನಿಂತು ಯಾರನ್ನೋ ಗದರುತ್ತಿದ್ದರು. ಪರದೆಯ ಮೇಲೆ ಒಂದು ಚರ್ಚಿನ ನೆಲಮಾಳಿಗೆ, ಮಡಚುವ ಕುರ್ಚಿಗಳಲ್ಲಿ ಹದಿನೈದಿಪ್ಪತ್ತು ಜನ. ಎಲ್ಲ ಅಮೆರಿಕದ ಅವರ ಓಣಿಯವರು. ಅಲ್ಲಿ ಶುಕ್ರವಾರ ಸಂಜೆ ಏಳೂವರೆ. ಹೈಸ್ಕೂಲಿನ ಹುಡುಗಿಯರು, ಅವರ ಅಮ್ಮಂದಿರು, ಒಬ್ಬ ಬಸ್ ಡ್ರೈವರ್, ಮುಂದಿನ ಸಾಲಿನಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡಿರುವ ಒಬ್ಬ ದಢೂತಿ ಮನುಷ್ಯ. ಅವರೆಲ್ಲರಿಗೂ ಆಂಟಿ ಸ್ಪ್ಯಾನಿಷ್ ಹೇಳಿಕೊಡುತ್ತಿದ್ದರು. ತಪ್ಪು ತಪ್ಪಾಗಿಯೇ, ಆದರೆ ಏನು ಜೋರು!

ಪಾಠ ಮುಗಿದ ಮೇಲೆ ಇಡ್ಲಿ ತಿನ್ನುತ್ತ ಹೇಳಿದರು. ಒಂಬತ್ತನೇ ಕ್ಲಾಸಿನಲ್ಲಿ ಅವರು ಫ್ರೆಂಚ್ ಕಲಿಯುತ್ತೇನೆಂದು ಚೀಟಿ ಬರೆದುಕೊಟ್ಟಿದ್ದರಂತೆ. ಶಾಲೆಯವರು ನಕ್ಕು, "ನಿಮ್ಮಂಥವರಿಗೆ ಅದ್ಯಾಕೆ?" ಎಂದು ಹೊಲಿಗೆ ಕ್ಲಾಸಿಗೆ ಹಾಕಿದರಂತೆ.

"ನಂಗೆ ಇವತ್ತಿಗೂ ಒಂದು ಗುಂಡಿ ಹಾಕಕ್ಕೆ ಬರಲ್ಲ. ಹಟಕ್ಕೇ ಕಲೀಲಿಲ್ಲ" ಎಂದರು ಆಂಟಿ. "ಭಾಷೆ ಅನ್ನೋದು ಬೇರೆಯವರ ಮನೆ ಸಾಮಾನು, ಮುಟ್ಟಬಾರದು ಅಂತ ನಮ್ಮ ಓಣಿ ಮಕ್ಕಳ ತಲೇಲಿ ಕೂತುಬಿಟ್ಟಿದೆ. ಯಾರೋ ಕೂರಿಸಿದ್ದು. ಅದನ್ನ ಎಬ್ಬಿಸಬೇಕು. ಅವರು ನನ್ನ ತಪ್ಪುಗಳನ್ನ ನೋಡಲಿ ಅಂತಲೇ ನಾನು ಅವರ ಮುಂದೆ ಮಾತಾಡೋದು. ಇವಳಿಗೇ ಇಷ್ಟು ಧೈರ್ಯ ಇದ್ರೆ ನಮಗೇನು ದಾಡಿ ಅನ್ನಿಸಬೇಕು."

ಇಲ್ಲಿಗೆ ಸುಮ್ಮನಾಗಿದ್ದರೆ ನಾನು ಬಚಾವು. ಆಂಟಿ ಬೆರಳು ಚೀಪಿಕೊಂಡು, "ಮುಂದಿನ ಶನಿವಾರದಿಂದ ನೀವು ಅರ್ಧ ಗಂಟೆ ಕನ್ನಡ ಹೇಳಿಕೊಡಿ" ಎಂದುಬಿಟ್ಟರು.

"ಆಂಟಿ, ಅವರಿಗೆ ಕನ್ನಡ ಯಾಕೆ?"

"ನೋಡಿ, ನೀವೂ ಅದನ್ನೇ ಕೇಳಿದ್ರಿ!"

ಮುಖ ಎಲ್ಲಿಡಲಿ? ಒಪ್ಪಿಕೊಂಡೆ. ಆದರೆ ನನ್ನ ಮೈಸೂರಿನ ಇಂಗ್ಲಿಷ್ ಅವರಿಗೆ, ಅವರ ಓಣಿಯ ಇಂಗ್ಲಿಷ್ ನನಗೆ ಅರ್ಥವಾಗದೆ, ಮೊದಲ ಪಾಠದಲ್ಲಿ ಎರಡೂ ಕಡೆಯವರು ಹತ್ತು ನಿಮಿಷ ಒಬ್ಬರಿಗೊಬ್ಬರು ಸಾರಿ ಹೇಳಿಕೊಂಡದ್ದೇ ಬಂತು. ಎರಡನೇ ವಾರ ಮಗಳನ್ನು ದುಭಾಷಿಯಾಗಿ ಎಳೆದುಕೊಂಡು ಹೋದೆ. ಅವಳು ಮುಖ ಗಂಟಿಕ್ಕಿಕೊಂಡೇ ಬಂದಳು. ಮೂರನೇ ವಾರ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಕೂತಳು. ನಾಲ್ಕನೇ ವಾರ, ಹನ್ನೆರಡು ಗಂಟೆ ಹಿಂದಿರುವ ಆ ದೇಶದ ದಢೂತಿ ಕಟಿಂಗ್ ಶಾಪಿನವರಿಗೆ, "ಅಂಕಲ್, ಅದು 'ಹೇಲಿ' ಅಲ್ಲ! 'ಹೇಳಿ'! ನಾಲಿಗೆ ಮಡಚಿ!" ಎಂದು ಕನ್ನಡದಲ್ಲಿ ಗದರುತ್ತಿದ್ದಳು. ಅವರು ಅಷ್ಟು ದೊಡ್ಡ ಬಾಯಿ ತೆರೆದು ಕ್ಯಾಮೆರಾಗೆ ನಾಲಿಗೆ ತೋರಿಸಿ ಮಡಚುತ್ತಿದ್ದರು. ನಾನು "ಊಟಕ್ಕೆ ಬಾರೇ" ಎಂದರೆ "ವಾಟ್, ಅಮ್ಮಾ" ಎನ್ನುವ ಮಗಳು!

ಕಟಿಂಗ್ ಶಾಪಿನವರಿಗೆ ಹಿಡಿಸಿದ್ದು "ಊಟ ಆಯ್ತಾ?" ಅಂಗಡಿಗೆ ಬಂದವರನ್ನೆಲ್ಲ ಅವರು ಹಾಗೇ ಮಾತಾಡಿಸತೊಡಗಿದರು. ಗಿರಾಕಿಗಳು ಅದನ್ನು ಮನೆಗೆ ಕೊಂಡೊಯ್ದರು. ತಿಂಗಳೊಳಗೆ ಆ ಓಣಿಯಲ್ಲಿ ಅದು ಹಲೋ ಎಂಬಂತೆ ಆಯಿತಂತೆ. ಆ ಊರಿಗೆ ಯಾರಾದರೂ ಕನ್ನಡಿಗರು ಹೋಗಿ, ಬಸ್ ಸ್ಟಾಪಿನಲ್ಲಿ ಅಪರಿಚಿತರೊಬ್ಬರು ಊಟ ಆಯ್ತಾ ಎಂದು ಕೇಳಿದರೆ, ದಯವಿಟ್ಟು ಗಾಬರಿಯಾಗಬೇಡಿ. ಆ ತಪ್ಪು ನಮ್ಮದು.

ಹೀಗಿರುವಾಗ ಆ ಓಣಿಯ ಹೈಸ್ಕೂಲಿನಿಂದ ಸುದ್ದಿ ಬಂತು. ಮುಂದಿನ ವರ್ಷದಿಂದ ಅಲ್ಲಿ ವಿದೇಶಿ ಭಾಷೆಯ ತರಗತಿ ಇರುವುದಿಲ್ಲ. ಇದ್ದ ಒಬ್ಬ ಸ್ಪ್ಯಾನಿಷ್ ಮೇಷ್ಟರನ್ನೂ ತೆಗೆಯುತ್ತಾರೆ. ಕಾರಣ, ಮಕ್ಕಳಿಗೆ ಆಸಕ್ತಿ ಇಲ್ಲ.

ಆಂಟಿ ಹುಲಿಯಾದರು. "ಆಸಕ್ತಿ ಇಲ್ಲ ಅಂತ ಯಾವ ಮಗು ಹೇಳ್ತು? ಕೇಳಿದ್ರಾ?" ಅಂಚೆಯಲ್ಲಿ ಇಪ್ಪತ್ತೈದು ವರ್ಷ ಇದ್ದವರಿಗೆ ಓಣಿಯ ಪ್ರತಿ ಮನೆಯ ವಿಳಾಸ ಬಾಯಿಪಾಠ. ಶಾಲಾ ಮಂಡಳಿಯ ಸಭೆಗೆ ಎಲ್ಲರೂ ಬರಬೇಕೆಂದು ಮನೆಮನೆಗೂ ಕೈಬರಹದಲ್ಲಿ ಕಾಗದ ಬರೆದರು. ಅಂಚೆಚೀಟಿ ಅಂಟಿಸುವ ಕೆಲಸ ನನಗೆ, ನನ್ನ ಗಂಡನಿಗೆ. ಮನೆಯ ಫೋನುಗಳಿಗೆಲ್ಲ ಬೆಳಗಾಗೆದ್ದು ಕರೆ ಮಾಡಿದರು. ಎಲ್ಲರೂ ಒಪ್ಪಲಿಲ್ಲ. ಒಬ್ಬ ಅಜ್ಜಿ ಫೋನಿನಲ್ಲಿ ಹೇಳಿದ್ದನ್ನು ನಾನೇ ಸ್ಪೀಕರಿನಲ್ಲಿ ಕೇಳಿದೆ. "ಅಲ್ಲಮ್ಮಾ, ನಾವು ಇಂಗ್ಲಿಷಿನಲ್ಲಿ ಹೇಳೋದನ್ನೇ ಈ ದೇಶದಲ್ಲಿ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಇನ್ನು ಸ್ಪ್ಯಾನಿಷಿನಲ್ಲಿ ಬೇರೆ ಹೇಳಬೇಕಾ?"

ಆಮೇಲೆ ಎರಡು ದಿನ ಫ್ಯಾನಿನ ಮೂಲಕ ಚೀನೀ ಭಾಷೆಯೂ ಇಳಿಯಲಿಲ್ಲ. ಮೂರನೇ ದಿನ ಅಜ್ಜಿಗೆ ಮತ್ತೆ ಫೋನು ಮಾಡಿ, "ಇಂಗ್ಲಿಷಿನಲ್ಲಿ ಕೇಳದೋರು ಕೇಳದೇ ಇರಲಿ ಬಿಡಿ. ನಿಮ್ಮ ಮೊಮ್ಮಗಳು ತನ್ನ ಮಾತು ಕೇಳೋ ಜನರನ್ನ ಬೇರೆ ಕಡೆ ಹುಡುಕ್ಕೊಳ್ಳಲಿ" ಎಂದರು. ಅಜ್ಜಿ, ಸಭೆ ಎಷ್ಟು ಗಂಟೆಗೆ ಎಂದು ಕೇಳಿದರು.

ಸಭೆ ಅಲ್ಲಿನ ಸಂಜೆ ಏಳಕ್ಕೆ, ಇಲ್ಲಿ ಬೆಳಿಗ್ಗೆ ಏಳು. ಆಂಟಿಯ ಹಾಲಿನಲ್ಲಿ ನಾವು ಮೂವರೂ ಹಾಜರ್. ನನ್ನ ಗಂಡನೂ ಬಂದಿದ್ದರು. ಆಂಟಿ ಅವರನ್ನು "ಕೂತ್ಕೊಳ್ಳೇ" ಎಂದರು, ಅವರು ಕೂತರು. ಪರದೆಯಲ್ಲಿ ಶಾಲೆಯ ಸಭಾಂಗಣ ಕಾಣಿಸಿತು. ಎದುರಿಗೆ ಮಂಡಳಿಯ ಐದು ಜನ, ಈಚೆ ಓಣಿಯ ಮಂದಿ. ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿದ್ದರು! ಆಸಕ್ತಿ ಇಲ್ಲದ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಸ್ಪ್ಯಾನಿಷಿನಲ್ಲಿ ತಮ್ಮ ಹೆಸರು, ತಮ್ಮ ಆಸೆ ಹೇಳಿದರು. ಒಬ್ಬಳು ಹುಡುಗಿ ಮಾತು ಮರೆತು ನಿಂತುಬಿಟ್ಟಾಗ ಆಂಟಿ ಇಲ್ಲಿಂದಲೇ, "ತಪ್ಪು ಹೇಳು! ತಪ್ಪು ಹೇಳು ಪರವಾಗಿಲ್ಲ!" ಎಂದು ಕಿರುಚಿದರು. ಸಭೆ ನಕ್ಕಿತು, ಹುಡುಗಿ ಮುಂದುವರಿದಳು.

ಆಗ ಮಂಡಳಿಯವರಲ್ಲೊಬ್ಬರು ಕನ್ನಡಕ ತೆಗೆದು, ಕೆಟ್ಟದಾಗಿ ಏನಲ್ಲ, ತಿಳಿದುಕೊಳ್ಳುವವರಂತೆಯೇ ಕೇಳಿದರು.

"ಎಲ್ಲ ಚೆನ್ನಾಗಿದೆ ಮೇಡಂ. ಆದರೆ ಹೇಳಿ, ಈ ಓಣಿಯಲ್ಲಿ ಇದುವರೆಗೆ ಯಾರಿಗಾದರೂ ಬೇರೆ ಭಾಷೆ ಬಂದದ್ದರಿಂದ ಒಂದು ಕೆಲಸ ಸಿಕ್ಕಿದ್ದುಂಟೇ?"

ಆಂಟಿ ಬಾಯಿ ತೆರೆದರು. ಮಾತು ಬರಲಿಲ್ಲ. ನಾನು ಅವರನ್ನು ಕಂಡ ಮೂರು ವರ್ಷದಲ್ಲಿ, ಹನ್ನೊಂದು ಭಾಷೆಗಳಲ್ಲಿ ಒಂದರಲ್ಲೂ ಅವರು ಹೀಗೆ ಸುಮ್ಮನಾದದ್ದು ನೋಡಿರಲಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡು ಅಲ್ಲಿನವರು "ಹಲೋ, ಹಲೋ" ಎಂದರು. ಅಷ್ಟರಲ್ಲಿ ನಮ್ಮ ಕಟಿಂಗ್ ಶಾಪಿನವರು ಎದ್ದು ನಿಂತರು.

"ಸಾರ್, ನನ್ನ ಅಂಗಡಿ ಎದುರಿಗೆ ಕಟ್ಟಡ ಕಟ್ತಾ ಇದ್ದಾರೆ. ಅಲ್ಲಿ ಕೆಲಸ ಮಾಡೋರಿಗೆಲ್ಲ ಸ್ಪ್ಯಾನಿಷ್ ಒಂದೇ ಬರೋದು. ಮೊದಲು ಒಬ್ಬರೂ ನನ್ನ ಬಾಗಿಲಿಗೆ ಬರ್ತಿರಲಿಲ್ಲ. ಈಗ ಶನಿವಾರ ಅವರದ್ದೇ ಸಾಲು. ಎರಡನೇ ಕುರ್ಚಿ ಹಾಕ್ಸಿದೀನಿ, ನನ್ನ ತಂಗಿ ಮಗನಿಗೆ ಕೆಲಸ ಕೊಟ್ಟಿದೀನಿ. ಇದು ನಿಮ್ಮ ಲೆಕ್ಕಕ್ಕೆ ಬರುತ್ತಾ?" ಕೂರುವ ಮುಂಚೆ ಏನೋ ನೆನಪಾಗಿ ಸೇರಿಸಿದರು, "ಕನ್ನಡದಿಂದ ಗಿರಾಕಿ ಯಾರೂ ಬಂದಿಲ್ಲ, ಸುಳ್ಳು ಯಾಕೆ ಹೇಳಲಿ. ಆದ್ರೆ ಹೆಂಡತಿ ಸಿಟ್ಟಾದಾಗ ಅದೊಂದೇ ಕೆಲಸಕ್ಕೆ ಬರೋದು. ಅವಳಿಗೆ ಅರ್ಥ ಆಗಲ್ಲ, ನಗು ಬರುತ್ತೆ."

ನನ್ನ ಗಂಡ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಂಡಳಿಯವರು ಒಳಗೆ ಹೋಗಿ ಬಂದು, ಸ್ಪ್ಯಾನಿಷ್ ಒಂದು ವರ್ಷ ಮುಂದುವರಿಯಲಿ, ಮೇಷ್ಟರು ಇರಲಿ, ಆಮೇಲೆ ನೋಡೋಣ ಎಂದರು. ಅರ್ಧ ಗೆಲುವು. ಓಣಿಯವರಿಗೆ ಆ ಅರ್ಧವೇ ಹಬ್ಬ. ಅಲ್ಲಿ ಕುಣಿಯುತ್ತಿದ್ದರು, ಇಲ್ಲಿ ನನ್ನ ಮಗಳು ಸೋಫಾದ ಮೇಲೆ ಕುಣಿಯುತ್ತಿದ್ದಳು. ಆಂಟಿ ಲ್ಯಾಪ್‌ಟಾಪ್ ಮುಚ್ಚಿ, "ಸ್ವಲ್ಪ ಮಲಗ್ತೀನಿ" ಎಂದು ಒಳಗೆ ಹೋದರು.

ಮಧ್ಯಾಹ್ನ ನಾನೂ ಮಗಳೂ ಕೇಸರಿಬಾತು ಮಾಡಿಕೊಂಡು ಹೋದೆವು. ಆಂಟಿ ಅದೇ ಬಟ್ಟೆಯಲ್ಲಿ, ತಲೆಗೆ ಕಟ್ಟಿದ ಹಳದಿ ವಸ್ತ್ರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಆಂಟಿ, ಗೆದ್ದಿದ್ದೀವಲ್ಲ, ಯಾಕೆ ಹೀಗಿದ್ದೀರಿ?" ಎಂದೆ.

"ಅವರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಹೇಳಕ್ಕಾಗ್ಲಿಲ್ಲ" ಎಂದರು. ಆಮೇಲೆ ತಮ್ಮ ಅಪ್ಪನ ವಿಷಯ ಹೇಳಿದರು.

ಅಪ್ಪ ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದ ಸೈನಿಕ. ಅಲ್ಲಿಯ ಒಂದು ಹಳ್ಳಿಯಲ್ಲಿ ರೊಟ್ಟಿ ಸುಡುವವರ ಮನೆಯ ಪಕ್ಕ ತಿಂಗಳುಗಟ್ಟಲೆ ಬೀಡುಬಿಟ್ಟಿದ್ದರಂತೆ. ಆ ಮನೆಯವರ ಜೊತೆ ಮಾತಾಡಿ ಆಡಿ, ಅಲ್ಲಿಯವರೇ ಎನ್ನುವಷ್ಟು ಚೆನ್ನಾಗಿ ಇಟಾಲಿಯನ್ ಕಲಿತರಂತೆ. ಯುದ್ಧ ಮುಗಿದು ಊರಿಗೆ ಬಂದಾಗ ಬಂದರಿನ ಒಂದು ಹಡಗು ಕಂಪನಿಗೆ ಇಟಾಲಿಯನ್ ಬಲ್ಲ ಗುಮಾಸ್ತರು ಬೇಕಾಗಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಅಲ್ಲಿದ್ದವರು ಅವರಿಂದ ಎರಡು ವಾಕ್ಯ ಹೇಳಿಸಿದರು. ಒಳಗಿದ್ದವರನ್ನೂ ಕರೆದು ಇನ್ನೆರಡು ಹೇಳಿಸಿದರು. ಎಲ್ಲರೂ ಚೆನ್ನಾಗಿ ನಕ್ಕರು. ಆಮೇಲೆ ಕೈಗೆ ಪೊರಕೆ ಕೊಟ್ಟರು. ಅಪ್ಪ ಆ ಪೊರಕೆ ಹಿಡಿದು ಅದೇ ಕಂಪನಿಯಲ್ಲಿ ಮೂವತ್ತು ವರ್ಷ ಕಸ ಗುಡಿಸಿದರು. ಮನೆಯಲ್ಲಿ ಮಕ್ಕಳ ಮುಂದೆ ಆ ಭಾಷೆಯ ಒಂದು ಪದವನ್ನೂ ಎತ್ತಲಿಲ್ಲ.

"ಆಸ್ಪತ್ರೇಲಿ ಕೊನೇ ದಿನ ನಾನೊಬ್ಬಳೇ ಇದ್ದೆ" ಎಂದರು ಆಂಟಿ. "ಮಧ್ಯಾಹ್ನವೆಲ್ಲ ಅಪ್ಪ ಒಂದೇ ಮಾತು ಹೇಳ್ತಾ ಇದ್ರು. ನನ್ನ ಕೈ ಹಿಡ್ಕೊಂಡು, ಮತ್ತೆ ಮತ್ತೆ. ನಂಗೆ ಅದು ಮಾತು ಅಂತಲೇ ಗೊತ್ತಾಗ್ಲಿಲ್ಲ. ಜ್ವರದ ಬಡಬಡಿಕೆ ಅಂದುಕೊಂಡೆ. 'ಹೂಂ ಅಪ್ಪಾ, ಹೂಂ ಅಪ್ಪಾ' ಅಂತಿದ್ದೆ. ಸಂಜೆ ಹೋದ್ರು. ಆ ಸದ್ದು ಹೇಳಿ ತೋರಿಸಿದಾಗ ಅದು ಇಟಾಲಿಯನ್ ಅಂತ ಆಮೇಲೆ ಅಮ್ಮ ಹೇಳಿದ್ಲು, ಅರ್ಥ ಅವಳಿಗೂ ಗೊತ್ತಿರಲಿಲ್ಲ."

ಆ ಮಾತಿನ ಸದ್ದು ಅವರಿಗೆ ಇಂದಿಗೂ ನೆನಪಿದೆಯಂತೆ. ಅಷ್ಟೂ ಸದ್ದು, ಏರಿಳಿತದ ಸಮೇತ.

"ಹಾಗಾದ್ರೆ ಇಷ್ಟು ಭಾಷೆ ಕಲಿತವರು ಇಟಾಲಿಯನ್ ಯಾಕೆ ಕಲೀಲಿಲ್ಲ ಆಂಟಿ?" ನಾನು ಕೇಳಿಯೇಬಿಟ್ಟೆ.

"ಭಯ" ಎಂದರು, ನಾಚಿಕೆ ಎಂದರೇನೆಂದು ತಿಳಿಯದ ಆ ಹೆಂಗಸು. "ಅಪ್ಪ ನೀರು ಕೇಳ್ತಾ ಇದ್ದಿದ್ರೆ? ಮಧ್ಯಾಹ್ನವೆಲ್ಲ ನೀರು ನೀರು ಅಂದಿದ್ರೆ? ನಾನು ಪಕ್ಕದಲ್ಲೇ ಕೂತು ಹೂಂ ಅಂತಾ ಇದ್ದೆ. ತಣ್ಣೀರಿನ ಹೂಜಿ ಕೈಗೆಟಕೋ ಹಾಗೆ ಇತ್ತು."

ನನ್ನ ಮಗಳು ಮೆಲ್ಲಗೆ ಫೋನು ತೆಗೆದಳು. "ಆಂಟಿ, ಆ ಸೌಂಡ್ ಇದರಲ್ಲಿ ಹೇಳಿ. ಎರಡು ಸೆಕೆಂಡಲ್ಲಿ ಮೀನಿಂಗ್ ಹೇಳುತ್ತೆ."

ಆಂಟಿ ಅವಳ ಕೈಯನ್ನು ಫೋನಿನ ಸಮೇತ ಮುಚ್ಚಿದರು. "ಮೂವತ್ತಮೂರು ವರ್ಷ ಇಟ್ಕೊಂಡಿದ್ದನ್ನ ಎರಡು ಸೆಕೆಂಡಲ್ಲಿ ತಿಳ್ಕೊಂಡು, ಮೂರನೇ ಸೆಕೆಂಡಿಗೆ ನಾನೇನು ಮಾಡ್ಲಿ ಮರೀ?"

ಹದಿನೈದು ದಿನ ಕಳೆದ ಮೇಲೆ ಆಂಟಿ ನಮ್ಮ ಬಾಗಿಲಿಗೆ ಬಂದರು. ಬಾಂಗ್ಸಾರ್‌ನಲ್ಲಿ ಒಂದು ಕಾಫಿ ಅಂಗಡಿಯ ಮೇಲಿನ ಮಹಡಿಯಲ್ಲಿ ಬುಧವಾರ ಬೆಳಿಗ್ಗೆ ಇಟಾಲಿಯನ್ ತರಗತಿ ಶುರುವಾಗಿದೆಯಂತೆ, ಹೆಸರು ಕೊಟ್ಟಿದ್ದಾರಂತೆ. "ಒಬ್ಬಳೇ ಹೋಗಕ್ಕೆ ಆಗಲ್ಲ. ನೀವೂ ಬನ್ನಿ" ಎಂದರು. ಟ್ಯಾಕ್ಸಿಯಲ್ಲಿ ಡ್ರೈವರ್ ಎಲ್ಲಿಯವರೆಂದು ಕೇಳಿದ. ಆಂಟಿ ಕಿಟಕಿಯಾಚೆ ನೋಡುತ್ತಿದ್ದರು. ನಾನೇ, "ಮಾಂಟ್ ಕಿಯಾರಾ" ಎಂದೆ.

ತರಗತಿಯಲ್ಲಿ ಆರೇಳು ಜನ. ಕಲಿಸುವಾಕೆ ಇಪ್ಪತ್ತೈದರ ಹುಡುಗಿ, ನಗುನಗುತ್ತ ನಮಸ್ಕಾರ, ಹೆಸರು, ಊರು ಎಲ್ಲ ಹೇಳಿಕೊಟ್ಟಳು. ಆಂಟಿ ಒಂದು ತಪ್ಪನ್ನೂ ಮಾಡಲಿಲ್ಲ. ನನಗೆ ಅದೇ ಹೆದರಿಕೆಯಾಯಿತು. ಕೊನೆಗೆ ಆ ಹುಡುಗಿ ಒಂದು ಹೋಟೆಲಿನ ಚಿತ್ರ ತೋರಿಸಿ, ಮೇಜಿನ ಮೇಲಿನ ವಸ್ತುಗಳನ್ನು ಒಂದೊಂದಾಗಿ ಮುಟ್ಟಿ ಹೆಸರಿಸತೊಡಗಿದಳು. ರೊಟ್ಟಿ. ಉಪ್ಪು. ಆಮೇಲೆ ಬೆರಳು ಗಾಜಿನ ಲೋಟಕ್ಕೆ ಬಂತು.

"ಆಕ್ವಾ" ಎಂದಳು. ನಾವೆಲ್ಲ "ಆಕ್ವಾ" ಎಂದೆವು.

ಆಂಟಿ ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ಮೇಜಿನ ಕೆಳಗೆ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ನನ್ನ ಬಳೆ ಚರ್ಮದೊಳಗಿಳಿದಿತ್ತು. ತುಟಿ ಸದ್ದಿಲ್ಲದೆ ಅಲುಗುತ್ತಿತ್ತು, ಮತ್ತೆ ಮತ್ತೆ ಒಂದೇ ಮಾತು. "ಇನ್ನೊಂದು ಸಲ ಹೇಳ್ತೀಯಾ?" ಎಂದು ಹುಡುಗಿಯನ್ನು ಕೇಳಿದರು. ಅವಳು ಹೇಳಿದಳು. "ಬಾಯಾರಿಕೆ ಆಗಿದೆ ಅನ್ನಕ್ಕೆ?" ಅದನ್ನೂ ಹೇಳಿದಳು. "ಕುಡಿಯಕ್ಕೆ ಕೊಡು ಅನ್ನಕ್ಕೆ?" ಹುಡುಗಿಗೆ ಆಶ್ಚರ್ಯವಾಯಿತು, ಆದರೂ ಹೇಳಿದಳು, ನಿಧಾನವಾಗಿ, ಎರಡೆರಡು ಸಲ.

ಆಂಟಿ ನನ್ನ ಕಡೆ ತಿರುಗಿದರು. ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಅದಲ್ಲ" ಎಂದರು ಕನ್ನಡದಲ್ಲಿ. "ಯಾವುದೂ ಅಲ್ಲ. ಅಪ್ಪ ನೀರು ಕೇಳಿರಲಿಲ್ಲ."

ಮತ್ತೆ ನೋಟ್‌ಬುಕ್ಕು ತೆರೆದು, ಹುಡುಗಿಗೆ ಮುಂದಿನದು ಹೇಳು ಎಂದು ಸನ್ನೆ ಮಾಡಿದರು.